ಟೊಳ್ಳಿನೊಳಗಿನ ಅಲಗು

ಇಬ್ಬರ ಕೈ ಒಂದೇ ಥರ ಇರಬಾರದು ಅಂತ ಎಲ್ಲಿ ಬರೆದಿದೆ? ಅಕ್ಷರ ಒಂದೇ ಥರ ಇರುವವರಿದ್ದಾರೆ. ನಡಿಗೆ ಒಂದೇ ಥರ ಇರುವವರಿದ್ದಾರೆ. ಪಕ್ಕದ ಕೋಣೆಯಲ್ಲಿ ಕೆಮ್ಮಿದ್ದು ಅಪ್ಪನೋ ಮಗನೋ ತಿಳಿಯದ ಮನೆಗಳಿವೆ. ಹಾಗಿರುವಾಗ ಕಲ್ಲಿನ ಅಂಚಿನಲ್ಲಿ ಇಷ್ಟು ಸಮವಾಗಿ, ಇಷ್ಟು ಒತ್ತೊತ್ತಾಗಿ ಚಕ್ಕೆ ಎಬ್ಬಿಸಬಲ್ಲವನು ಊರಿಗೆಲ್ಲ ಒಬ್ಬನೇ ಇರಬೇಕು ಎಂದೇನು?

ಇನ್‌ಸ್ಪೆಕ್ಟರ್ ಅಂಗೈಯಲ್ಲಿದ್ದ ಪ್ಲಾಸ್ಟರಿನ ಅಲಗನ್ನು ಮತ್ತೆ ತಿರುಗಿಸಿದ. ಎಲೆಯ ಆಕಾರ, ಅಂಗೈಯಷ್ಟು ಉದ್ದ. ಒಂದು ಅಂಚಿನ ಗುರುತುಗಳನ್ನು ಉಗುರಿನಿಂದ ಎಣಿಸಿದ. ಹತ್ತೊಂಬತ್ತು. ಗಡಿಯಾರದ ಚಕ್ರದ ಹಲ್ಲುಗಳ ಹಾಗೆ.

ಆ ಹೋಲಿಕೆ ತಲೆಗೆ ಬಂದ ಕೂಡಲೇ ಆಚೆ ತಳ್ಳಿದ. ಅದು ಹೋಗಲಿಲ್ಲ.

ಒಂದು ಭಾನುವಾರ ಮೇಷ್ಟ್ರು ತಮ್ಮ ಶೆಡ್ಡಿನಲ್ಲಿ ರಕ್ತ ಹರಿದು ಸತ್ತು ಮೂರು ವಾರ. ನಾಳೆ ಹನ್ನೊಂದಕ್ಕೆ ಗಾಜಿನಂಗಡಿಯವನನ್ನು ಕೊಲೆಗಾರ ಎಂದು ಕೋರ್ಟಿಗೆ ಒಪ್ಪಿಸಬೇಕು. ಅವನಲ್ಲ ಎಂದು ಇಡೀ ಠಾಣೆಯಲ್ಲಿ ನಂಬಿದ್ದವನು ಇನ್‌ಸ್ಪೆಕ್ಟರ್ ಒಬ್ಬನೇ.

"ಒಣಗಿದೆ, ಗಟ್ಟಿಯಾಗೇ ಹಿಡೀಬಹುದು," ಎಂದಳು ಮೇಷ್ಟ್ರ ಮಗಳು.

ಅವಳು ಕಟ್ಟುಹಲ್ಲು ತಯಾರಿಸುವವಳು. ಕೋಣೆಯ ಸುತ್ತ ಹಲಗೆಗಳ ಮೇಲೆ ಯಾರು ಯಾರದೋ ದವಡೆಗಳು ಬೆಳ್ಳಗೆ ಬಾಯಿ ತೆರೆದುಕೊಂಡು ಕೂತಿದ್ದವು. ನಡುವಿನ ಮೇಜಿನ ಮೇಲೆ ಎರಡು ಹೋಳಾಗಿ ಬಿಡಿಸಿಟ್ಟ ಕಲ್ಲು. ಅದು ನಿಜಕ್ಕೆ ಕಲ್ಲಲ್ಲ, ನಾನೂರ ಹನ್ನೆರಡು ಚಕ್ಕೆಗಳು. ಶೆಡ್ಡಿನಲ್ಲಿ ಸಿಕ್ಕ ಬಟ್ಟೆಗಂಟಿನೊಳಗಿನ ಚೂರುಗಳನ್ನೆಲ್ಲ ಅವಳು ಚಿಮುಟದಲ್ಲಿ ಹಿಡಿದು, ಒಂದರ ಪಕ್ಕ ಒಂದು ಹೊಂದಿಸಿ, ಅಂಟಿನ ಚುಕ್ಕೆ ಇಟ್ಟು, ಮತ್ತೆ ಉಂಡೆಗಲ್ಲು ಮಾಡಿದ್ದಳು. ಅಲಗು ಮಾಡಿದವನು ಅಲಗನ್ನು ಮಾತ್ರ ಒಯ್ದಿದ್ದ. ಅದು ಇದ್ದ ಜಾಗ ಒಳಗೆ ಟೊಳ್ಳಾಗಿ ಉಳಿದಿತ್ತು. ಆ ಟೊಳ್ಳಿಗೆ ಸೋಪಿನ ನೀರು ಸವರಿ, ಪ್ಲಾಸ್ಟರ್ ಹುಯ್ದಳು. ಈಗ ಅದು ಇನ್‌ಸ್ಪೆಕ್ಟರನ ಅಂಗೈಯಲ್ಲಿತ್ತು.

"ಇದು ಆವತ್ತಿನದೇ ಅಂತ ಹೇಗೆ ಹೇಳ್ತೀರಿ? ಹಿಂದಿನ ವಾರದ್ದೂ ಆಗಿರಬಹುದಲ್ಲ?" ಅವನಿಗೆ ಉತ್ತರ ಗೊತ್ತಿತ್ತು. ಆದರೂ ಕೇಳಿದ.

"ಶನಿವಾರ ತಾರ್ಪಾಲು ತೊಳೆದು ಹಾಸಿದವಳು ನಾನು. ಒಂದು ಚೂರೂ ಇರಲಿಲ್ಲ. ಭಾನುವಾರದ ಚಕ್ಕೆ ಭಾನುವಾರವೇ ಗುಡಿಸಬೇಕು, ಗಂಟು ಕಟ್ಟಬೇಕು, ಒಳಗೆ ಈ ವರ್ಷದ ಒಂದು ನಾಣ್ಯ ಹಾಕಬೇಕು. ಅಪ್ಪನ ಕಾನೂನು. ಎಷ್ಟು ಸಲ ಹೇಳೋದು?"

ಆ ಕಾನೂನು ಅವನಿಗೆ ಬಾಯಿಪಾಠವಾಗಿತ್ತು. ಹಿಂದಿನವರ ಹಾಗೆ ಕಲ್ಲಿನಿಂದ ಕಲ್ಲು ಒಡೆದು, ಕೊಂಬಿನ ತುದಿಯಿಂದ ಒತ್ತಿ ಅಲಗು ಮಾಡುವ ಹವ್ಯಾಸ ಮೇಷ್ಟ್ರದು. ನಿವೃತ್ತರಾದ ಮೇಲೆ ಭಾನುವಾರಗಳಲ್ಲಿ ನಾಲ್ಕು ಜನರಿಗೆ ಕಲಿಸುತ್ತಿದ್ದರು. ಉಳಿದ ಚೂರುಗಳನ್ನು ಹಿತ್ತಲಲ್ಲಿ ಹೂಳುವ ಮೊದಲು ಗಂಟಿನೊಳಗೆ ನಾಣ್ಯ ಹಾಕುತ್ತಿದ್ದರು. ಸಾವಿರ ವರ್ಷ ಆದಮೇಲೆ ಯಾರಾದರೂ ಅಗೆದು ಇದು ಆದಿಮಾನವರ ಕೆಲಸ ಎಂದು ಮೋಸ ಹೋಗಬಾರದು. ಅಲಗಿನ ಬುಡದಲ್ಲೂ ಅಷ್ಟೇ: ವಜ್ರದ ಮೊನೆಯ ಪೆನ್ಸಿಲ್ಲಿನಿಂದ ಮಾಡಿದವನ ಗುರುತು ಗೀರದೆ ಒಂದನ್ನೂ ಹೊರಗೆ ಬಿಡುತ್ತಿರಲಿಲ್ಲ.

ಗಾಜಿನಂಗಡಿಯವನು ಆ ನಾಲ್ವರಲ್ಲಿ ಒಬ್ಬನಾಗಿ ಸೇರಿ ಎರಡೇ ವಾರ ಆಗಿತ್ತು. ಗುರುತಿಲ್ಲದ ಅಲಗೊಂದನ್ನು ಹಳೆಯದೆಂದು ಯಾರಿಗೋ ಮಾರಿ, ಮೇಷ್ಟ್ರ ಕೈಲಿ ಎಲ್ಲರೆದುರು ಉಗಿಸಿಕೊಂಡಿದ್ದ. ಆ ಭಾನುವಾರ ಮೂರೂವರೆಗೆ ಶೆಡ್ಡಿನ ಬಾಗಿಲಲ್ಲಿ ಅವನನ್ನು ಕಂಡವರಿದ್ದರು. ಕರೆದೆ, ಯಾರೂ ಓಗೊಡಲಿಲ್ಲ, ವಾಪಸ್ ಬಂದೆ ಅನ್ನುವುದು ಅವನ ಮಾತು. ಆದರೆ ನಾಣ್ಯದ ವಿಷಯ ಕೇಳಿದಾಗ ಅವನ ಮುಖದಲ್ಲಿ ಮೂಡಿದ ಪೆದ್ದುತನ ನಾಟಕದ್ದಾಗಿರಲಿಲ್ಲ. ಗಂಟು ಕಟ್ಟಿ ನಾಣ್ಯ ಹಾಕಿದವನು ಹಳಬ. ಅಲಗು ಒಯ್ದವನೂ ಅವನೇ.

"ಅಲ್ಲಿ ಕೆಲಸ ಕಲಿತವರು ಒಬ್ಬೊಬ್ಬರೂ ಒಂದೊಂದು ಥರ ಕಲ್ಲು ಕೆಡಿಸ್ತಾರೆ. ಅಪ್ಪ ಕತ್ತಲಲ್ಲಿ ಸವರಿ ಹೇಳೋರು, ಇದು ಇಂಥವನದ್ದು ಅಂತ." ಅವಳು ಚಿಮುಟವನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಈ ಕೈ ಯಾರದು ಅಂತ ನನಗೆ ಗೊತ್ತು. ನಿಮಗೂ ಗೊತ್ತು. ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಅವನು ಅಲಗನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದ.

"ಸಂಜೆವರೆಗೆ ಟೈಮ್ ಕೊಡಿ."

"ಆರು ಗಂಟೆ," ಎಂದಳು. "ಆರಕ್ಕೆ ನಾನೇ ನಿಮ್ಮ ದೊಡ್ಡ ಸಾಹೇಬರ ಮುಂದೆ ಹೋಗಿ ಕೂರ್ತೀನಿ. ಸತ್ತಿರೋದು ನಮ್ಮಪ್ಪ ಸರ್. ನಿಮ್ಮಣ್ಣ ನಿಮಗೆ ಎಷ್ಟು ಬೇಕಾದವರೋ, ಅಷ್ಟೇ ಬೇಕಾದವರು ಅಪ್ಪ ನನಗೆ."

*

ಜೀಪಿನಲ್ಲಿ ದಫೇದಾರ ಕಡಲೆಕಾಯಿ ಬಿಡಿಸುತ್ತ ಕೂತಿದ್ದ.

"ಸಿಕ್ತಾ ಸಾರ್ ಏನಾದ್ರೂ? ಮೂರು ವಾರದಿಂದ ಚೂರು ಜೋಡಿಸ್ತಾ ಇದೀವಿ. ನಮ್ಮ ಹೆಂಡ್ತಿ ಕೇಳ್ತಾಳೆ, ಒಡೆದ ಪಿಂಗಾಣಿ ಬಸಿ ಒಂದಿದೆ, ಸಾಹೇಬರ ಹತ್ರ ಕೊಡ್ಲಾ ಅಂತ."

ಇನ್‌ಸ್ಪೆಕ್ಟರ್ ನಗಲಿಲ್ಲ.

"ನಮ್ಮಣ್ಣನ ಹೇಳಿಕೆ ನೀನಲ್ಲವಾ ತಗೊಂಡಿದ್ದು?"

ದಫೇದಾರ ಸಿಪ್ಪೆಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. "ನೀವೇ ಹೇಳಿದ್ರಿ ಸಾರ್, ನನ್ನ ಸಂಬಂಧ, ನಾನು ತಗೋಬಾರದು, ನೀನು ತಗೋ ಅಂತ."

"ಏನಂತ ಕೇಳಿದೆ?"

"ಏನಂತ ಅಂದ್ರೆ... ಎಲ್ಲರಿಗೂ ಕೇಳಿದ್ದೇ."

"ನೀನು ಬಾಯಿಬಿಟ್ಟು ಕೇಳಿದ ಮಾತು ಹೇಳಪ್ಪ."

"ಆ ಭಾನುವಾರ ನೀವು ಹೋಗಿರಲಿಲ್ಲ ಅಲ್ವಾ ಸಾರ್, ಅಂತ ಕೇಳಿದೆ." ಅವನ ದನಿ ಸಣ್ಣದಾಯಿತು. "ಹೂಂ ಅಂದ್ರು. ಬರ್ಕೊಂಡೆ."

ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ತಿರುಗಿದ. ಮೂರು ವಾರದಲ್ಲಿ ಅವನು ಬೈಯದೇ ಇದ್ದ ಒಬ್ಬನೇ ಒಬ್ಬ ಮನುಷ್ಯ ಈ ದಫೇದಾರ. ಈಗಲೂ ಬೈಯಲು ಆಗಲಿಲ್ಲ. ಉತ್ತರವನ್ನೂ ಸೇರಿಸಿ ಪ್ರಶ್ನೆ ಕೇಳು ಎಂದು ಇವನಿಗೆ ಕಲಿಸಿದವರು ಯಾರು? ಕುರ್ಚಿಗೆ ಅಂಜುವುದನ್ನು ಕಲಿಸಿದವರೇ ಅದನ್ನೂ ಕಲಿಸಿದ್ದರು. ಆ ಕುರ್ಚಿಯಲ್ಲಿ ಕೂತಿರುವವನು ತಾನು.

*

ಗಡಿಯಾರದ ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡ ಹಾಗಿತ್ತು. ಒಬ್ಬ ಒಳಗಿದ್ದರೆ ಇನ್ನೊಬ್ಬ ಮೆಟ್ಟಿಲ ಮೇಲೆ ನಿಲ್ಲಬೇಕು. ಗೋಡೆಯ ತುಂಬ ಗಡಿಯಾರಗಳು, ಒಂದರ ಹೊತ್ತು ಇನ್ನೊಂದಕ್ಕಿಲ್ಲ.

ಅಣ್ಣ ಕಣ್ಣಿಗೆ ಭೂತಗನ್ನಡಿ ಕಚ್ಚಿಕೊಂಡು ಬಗ್ಗಿದ್ದ. ತಲೆ ಎತ್ತಲಿಲ್ಲ.

"ಬಾರೋ ಪುಟ್ಟ. ಯೂನಿಫಾರ್ಮಲ್ಲಿ ಬಂದು ನಿಂತ್ರೆ ಗಿರಾಕಿ ಬರಲ್ಲ, ಒಳಗೆ ಬಾ."

ಐವತ್ತರ ಪುಟ್ಟ ಒಳಗೆ ಹೋಗಿ, ಏನೂ ಹೇಳದೆ, ಕರವಸ್ತ್ರ ಬಿಚ್ಚಿ ಪ್ಲಾಸ್ಟರಿನ ಅಲಗನ್ನು ಮೇಜಿನ ದೀಪದ ಕೆಳಗಿಟ್ಟ.

ಅಣ್ಣ ನೋಡಿದ. ಗಾಜು ಕಣ್ಣಲ್ಲಿದ್ದ ಹಾಗೇ ಅದನ್ನು ಎತ್ತಿಕೊಂಡು ಬೆಳಕಿಗೆ ಓರೆ ಹಿಡಿದ. ಅವನ ಮುಖ ಅರಳಿತು.

"ಅಯ್ಯೋ, ಇದನ್ನ ಹೇಗೋ ತೆಗೆದ್ರಿ? ಪೂರಾ ಬಂದಿದೆಯಲ್ಲೋ! ನೋಡು, ನೋಡಿಲ್ಲಿ. ಹನ್ನೊಂದನೇ ಚಕ್ಕೆ ಪೂರಾ ಏಳದೆ ಮೆಟ್ಟಿಲಾಗಿ ನಿಂತುಬಿಡ್ತು. ಕೊಂಬನ್ನ ಒಂದು ಕೂದಲೆಳೆ ಕೆಳಗೆ ಒತ್ತಬೇಕಿತ್ತು. ಅದೊಂದು ಇಲ್ಲದಿದ್ರೆ..."

ಅಲ್ಲಿಗೆ ಅವನ ಮಾತು ನಿಂತಿತು. ಭೂತಗನ್ನಡಿ ಕಣ್ಣಿನಿಂದ ಜಾರಿ ಅಂಗೈಗೆ ಬಿತ್ತು.

ಬೇರೆ ಯಾರನ್ನಾದರೂ ಹೀಗೆ ಬಲೆಗೆ ಕೆಡವಿದ್ದರೆ ಇನ್‌ಸ್ಪೆಕ್ಟರ್ ಸಂಜೆ ಅದನ್ನೇ ನೆನೆದು ಹಿಗ್ಗುತ್ತಿದ್ದ. ಈಗ ಕಣ್ಣನ್ನು ಗೋಡೆಯ ಗಡಿಯಾರಗಳ ಕಡೆ ತಿರುಗಿಸಿದ.

"ಆ ಭಾನುವಾರ ಹೋಗಿರಲಿಲ್ಲ ಅಂತ ಬರೆಸಿದೀಯ."

"ನಿನ್ನ ದಫೇದಾರ ಹೋಗಿರಲಿಲ್ಲ ಅಲ್ವಾ ಅಂದ. ಪಾಪ, ಬೆವರ್ತಾ ಇದ್ದ. ಹೂಂ ಅಂದೆ."

"ಹೂಂ ಅಂದೆ! ಒಬ್ಬ ಮನುಷ್ಯ ಲಾಕಪ್ಪಿನಲ್ಲಿ ಕೂತಿದಾನೆ ಅಣ್ಣ. ನಾಳೆ ಅವನನ್ನ ಕೋರ್ಟಿಗೆ ಹಾಕ್ತಾರೆ. ನೀನು ಹೂಂ ಅಂದಿದ್ದಕ್ಕೆ ನಾನು ಮೂರು ವಾರ ಕಲ್ಲಿನ ಚೂರು ನೋಡ್ಕೊಂಡು ಕೂತೆ!"

"ಮೆಲ್ಲಗೆ ಮಾತಾಡು. ಪಕ್ಕದ ಅಂಗಡಿಯವನಿಗೆ ಬೇರೆ ಕೆಲಸ ಇಲ್ಲ."

"ಎಷ್ಟು ಹೊತ್ತಿಗೆ ಬಿಟ್ಟೆ ಅಲ್ಲಿಂದ?"

"ಮಧ್ಯಾಹ್ನ. ಊಟ ಆಗಿ ಸ್ವಲ್ಪ ಹೊತ್ತಿಗೆ."

"ಗಂಟೆ ಕೇಳ್ತಾ ಇದೀನಿ."

"ಗೊತ್ತಿಲ್ಲ ಕಣೋ."

"ಗೋಡೆ ತುಂಬ ಗಡಿಯಾರ ಹೊಡ್ಕೊಂಡು ಗಂಟೆ ಗೊತ್ತಿಲ್ಲ ಅಂತೀಯಲ್ಲ!"

"ಸರಿಯಾಗಿ ಓಡೋ ಗಡಿಯಾರ ಯಾಕೋ ಇಲ್ಲಿಗೆ ಬರುತ್ತೆ?"

ತಮಾಷೆಯಾಗಿ ಹೇಳಿದ್ದಲ್ಲ ಅದು. ಅಣ್ಣ ಯಾವತ್ತೂ ಇಷ್ಟೇ. ಕೇಳಿದ್ದಕ್ಕೆ ಸರಿಯಾದ ಉತ್ತರ, ಬೇಕಾದ್ದಕ್ಕೆ ಉತ್ತರವೇ ಇಲ್ಲ. ಇನ್‌ಸ್ಪೆಕ್ಟರ್ ಮೆಟ್ಟಿಲಿಗೆ ಬೆನ್ನು ಹಾಕಿ ಬಾಗಿಲಲ್ಲಿ ಅಡ್ಡ ನಿಂತ.

"ಮೇಷ್ಟ್ರ ಜೊತೆ ಜಗಳ ಆಯ್ತಾ?"

ಅಣ್ಣ ಮುಂದಿದ್ದ ಕೈಗಡಿಯಾರದ ಕೀಲಿಯನ್ನು ಎರಡು ಸುತ್ತು ತಿರುಗಿಸಿದ. ಮೂರನೆಯದಕ್ಕೆ ಬೆರಳು ನಿಂತಿತು.

"ಆಯ್ತು."

"ಯಾಕೆ?"

"ಗುರುತಿಗೆ." ಅವನು ಪ್ಲಾಸ್ಟರಿನ ಬುಡವನ್ನು ತೋರಿಸಿದ. "ಇಲ್ಲಿ ಗೀರಬೇಕು ಅಂದ್ರು. ಹದಿನಾಲ್ಕು ವರ್ಷ ಆಯ್ತು ನಾನು ಕಲ್ಲು ಹಿಡಿದು. ಹೀಗೆ ಬಂದದ್ದು ಇದೊಂದೇ. ಇದರ ಮೇಲೆ ಗೀರೋದು ಅಂದ್ರೆ... ಇದೊಂದಕ್ಕೆ ಬೇಡ ಮೇಷ್ಟ್ರೇ, ನಾನು ಇದನ್ನ ಮಾರಲ್ಲ, ನನ್ನ ತಮ್ಮನಿಗೆ ಕೊಡೋದು ಅಂದೆ. ಕೇಳಲಿಲ್ಲ. ಗುಡಿಸಿ ಆಗಿತ್ತು, ಗಂಟು ಕಟ್ಟಿ ಆಗಿತ್ತು. ತೊಡೆ ಮೇಲೆ ಹಾಸ್ಕೊಳ್ಳೋ ತೊಗಲನ್ನೂ ಮೊಳೆಗೆ ತೂಗುಹಾಕಿದ್ರು. ಬರೀ ಪಂಚೆ ಮೇಲೆ ಅಲಗು ಇಟ್ಕೊಂಡು, ಪೆನ್ಸಿಲ್ಲು ತಗೊಂಡು ಬಗ್ಗಿದ್ರು."

ಇನ್‌ಸ್ಪೆಕ್ಟರ್ ಶೆಡ್ಡನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡ. ಮೊಳೆಯಲ್ಲಿದ್ದ ತೊಗಲು. ದೇಹದ ಕೆಳಗೆ ಸಿಕ್ಕ ಪೆನ್ಸಿಲ್ಲು. ತೊಡೆಯ ಒಳಬದಿಗೆ, ರಕ್ತನಾಳದವರೆಗೆ ಒಂದೇ ಒಂದು ಗಾಯ, ಎಷ್ಟು ನಯವೆಂದರೆ ಕಲ್ಲೋ ಗಾಜೋ ಹೇಳಲಾರೆ ಎಂದಿದ್ದರು ಡಾಕ್ಟರು. ಒಂದೊಂದನ್ನೂ ಅವನು ತನ್ನ ಕೈಯಾರೆ ಬರೆದಿದ್ದ.

"ಆಮೇಲೆ?"

"ಕಿತ್ಕೊಂಡೆ."

"ಹೇಗೆ?"

"ಹೇಗೆ ಅಂದ್ರೆ? ಬರಿಗೈಲಿ ಹಿಡಿಯೋ ವಸ್ತು ಅಲ್ಲ ಅದು. ಕರವಸ್ತ್ರ ಹಾಕಿ ಎಳ್ಕೊಂಡೆ. ಅದರಲ್ಲೇ ಸುತ್ತಿ ಹೊರಟುಬಿಟ್ಟೆ. ಹಿಂದಿನಿಂದ ಕರೆದ್ರು. ಒಂದು ಸಲವೋ ಎರಡು ಸಲವೋ."

"ತಿರುಗಿ ನೋಡ್ಲಿಲ್ವಾ?"

"ಸಿಟ್ಟಿತ್ತು."

ಶೆಡ್ಡಿನಲ್ಲಿ ಸ್ಟೂಲಿನಿಂದ ಬಾಗಿಲವರೆಗೆ ಏಳು ಹೆಜ್ಜೆ ರಕ್ತ. ಯಾರನ್ನೋ ಅಟ್ಟಿಸಿಕೊಂಡು ಬಂದಿದ್ದಾರೆ ಎಂದು ದೊಡ್ಡ ಸಾಹೇಬರು. ಯಾರಿಂದಲೋ ತಪ್ಪಿಸಿಕೊಳ್ಳಲು ಓಡಿದ್ದಾರೆ ಎಂದು ದಫೇದಾರ. ಹೋಗುತ್ತಿರುವವನನ್ನು ಕರೆಯಲು ಬಂದಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

"ಅಣ್ಣ, ಎಳೆದಾಗ ಅವರಿಗೆ ತಾಗಿತಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಬೇಡ!"

"ಗೊತ್ತಿಲ್ಲ ಪುಟ್ಟ. ಆ ಅಂಚು ತಾಗಿದ್ರೆ ತಾಗಿಸಿಕೊಂಡವನಿಗೇ ಗೊತ್ತಾಗಲ್ಲ. ನನ್ನ ಕೈಗೆ ಎಷ್ಟು ಸಲ ಆಗಿದೆ! ನೆಲದ ಮೇಲೆ ರಕ್ತ ನೋಡಿದ ಮೇಲೆ ಎಲ್ಲಿ ಅಂತ ಹುಡುಕೋದು. ಅವರೂ ಅಯ್ಯೋ ಅನ್ನಲಿಲ್ಲ. ಅಂದಿದ್ರೆ ನಿಲ್ತಿದ್ದೆ."

ಯಾರೋ ಹೆಂಗಸು ಬಂದು, ಸಮವಸ್ತ್ರ ನೋಡಿ, ಕೈಲಿದ್ದ ಅಲಾರಂ ಗಡಿಯಾರವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದಳು.

ಅಲಗಿನ ಮೇಲೆ ಕಲೆ ಇದ್ದರೆ ಅಣ್ಣ. ಇಲ್ಲದಿದ್ದರೆ, ಆಮೇಲೆ ಮೂರೂವರೆಗೆ ಅಲ್ಲಿಗೆ ಹೋದ ಗಾಜಿನಂಗಡಿಯವನು. ಮೂರು ವಾರದ ತಲೆನೋವು ಕೊನೆಗೆ ಇಷ್ಟಕ್ಕೆ ಬಂದು ನಿಂತಿತ್ತು.

"ಅಲಗು ಎಲ್ಲಿ?"

ಅಣ್ಣ ಅವನನ್ನು ಅರ್ಥವಾಗದವನ ಹಾಗೆ ನೋಡಿದ.

"ಎಲ್ಲಿ ಅಂದ್ರೆ? ನಿನ್ನ ಹತ್ರ ಇದೆ."

"ಏನು?"

"ನಿನ್ನ ಹತ್ರ ಇದೆ ಕಣೋ. ಆವತ್ತೇ ಸಾಯಂಕಾಲ ಠಾಣೆಗೆ ತಂದೆ. ನೀನು ಎಲ್ಲೋ ಹೊರಗೆ ಹೋಗಿದ್ದೆ. ಕರವಸ್ತ್ರ ಬಿಚ್ಚಲೇ ಇಲ್ಲ, ಮೇಲೆ ಪೇಪರು ಸುತ್ತಿ, ದಾರ ಕಟ್ಟಿ, ಬಾಗಿಲಲ್ಲಿದ್ದ ಪೇದೆ ಕೈಗೆ ಕೊಟ್ಟೆ. ಆ ವಾರ ನಿನಗೆ ಐವತ್ತು ತುಂಬಿತಲ್ಲ."

ಇನ್‌ಸ್ಪೆಕ್ಟರ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ನೆನಪಾಯಿತು. ಮೇಷ್ಟ್ರ ಶೆಡ್ಡಿನಿಂದ ವಾಪಸ್ ಬಂದಾಗ ಮೇಜಿನ ಮೇಲೊಂದು ಪೊಟ್ಟಣ. ನಿಮ್ಮಣ್ಣ ಕೊಟ್ಟು ಹೋದರು ಎಂದಿದ್ದ ಪೇದೆ. ಇನ್ನೊಂದು ಕಲ್ಲು, ಅಂದುಕೊಂಡಿದ್ದ. ಅಣ್ಣ ಕೊಟ್ಟ ಕಲ್ಲುಗಳು ಮನೆಯಲ್ಲಿ ಶೂ ಇಡುವ ಹಲಗೆಯ ಹಿಂದೆ ಏಳೋ ಎಂಟೋ ಇದ್ದವು. ಇದನ್ನು ಮೇಜಿನ ಕೆಳಗಿನ ಖಾನೆಗೆ ತಳ್ಳಿ, ಮೇಲೆ ಫೈಲು ಹಾಕಿದ್ದ. ಮೇಷ್ಟ್ರದೇ ಫೈಲು.

"ಮಾರನೇ ದಿನ ಮೇಷ್ಟ್ರ ವಿಷಯ ಗೊತ್ತಾಯ್ತು," ಅಣ್ಣ ಹೇಳುತ್ತಿದ್ದ. "ನನಗೆ ಕೈಕಾಲೇ ಆಡಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಪೊಟ್ಟಣ ಪುಟ್ಟನ ಹತ್ರ ಇದೆ. ಅವನು ಬಿಚ್ಚೇ ಬಿಚ್ತಾನೆ. ಏನಾದ್ರೂ ಇದ್ರೆ ಓಡಿ ಬರ್ತಾನೆ. ನೀನು ಬರಲಿಲ್ಲ. ಒಂದು ವಾರ ಆಯ್ತು, ಎರಡು ವಾರ ಆಯ್ತು. ನೀನು ಸುಮ್ಮನಿದ್ದೀಯ ಅಂದ್ರೆ ಅದರ ಮೇಲೆ ಏನೂ ಇಲ್ಲ, ನನ್ನಿಂದ ಏನೂ ಆಗಿಲ್ಲ ಅಂತಲೇ ಅಂದುಕೊಂಡೆ." ಅವನು ನಗಲು ನೋಡಿದ. "ಚೆನ್ನಾಗಿದೆ ಅಂತ ಒಂದು ಮಾತೂ ಹೇಳಲಿಲ್ಲವಲ್ಲ ಅಂತ ಬೇಜಾರೂ ಆಯ್ತು, ಸುಳ್ಳು ಯಾಕೆ ಹೇಳ್ಲಿ."

ಇನ್‌ಸ್ಪೆಕ್ಟರ್ ಪ್ಲಾಸ್ಟರಿನ ಅಲಗನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತತೊಡಗಿದ.

"ಬಿಚ್ಚಿದೀಯ ತಾನೆ?" ಎಂದ ಅಣ್ಣ. "ಪುಟ್ಟ, ಬಿಚ್ಚಿ ನೋಡಿದೀಯ ತಾನೆ?"

*

ಠಾಣೆಯ ಮೆಟ್ಟಿಲು ಹತ್ತುವಾಗ ಐದೂ ಮುಕ್ಕಾಲು.

"ಸಾರ್," ಲಾಕಪ್ಪಿನ ಸರಳುಗಳ ಹಿಂದಿನಿಂದ ಗಾಜಿನಂಗಡಿಯವನು ಕರೆದ. "ಒಂದೇ ಮಾತು ಸಾರ್. ಮನುಷ್ಯನ್ನ ಕೊಯ್ಯಬೇಕು ಅಂತಿದ್ರೆ ನನ್ನ ಅಂಗಡೀಲೇ ಏನು ಕಮ್ಮಿ ಇತ್ತು? ಬೆರಳು ಜಜ್ಜಿಸ್ಕೊಂಡು ಕಲ್ಲು ಕುಟ್ಟೋಕೆ ಯಾಕೆ ಹೋಗ್ತಿದ್ದೆ? ನಿಮ್ಮ ದೊಡ್ಡ ಸಾಹೇಬರಿಗೆ ಅದನ್ನ ಹೇಳಿ ಸಾರ್. ಹೇಳ್ತೀರಾ?"

"ಹೇಳ್ತೀನಿ," ಎಂದ ಇನ್‌ಸ್ಪೆಕ್ಟರ್.

ಕೋಣೆಯ ಬಾಗಿಲು ಹಾಕಿಕೊಂಡು ಖಾನೆ ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಜಗ್ಗಿದ. ಮೊಣಕಾಲೂರಿ ಎರಡೂ ಕೈಯಿಂದ ಜಗ್ಗಿದ. ತೆರೆದಾಗ ಫೈಲಿನ ಕೆಳಗೆ, ಅವನು ಬಿಟ್ಟ ಜಾಗದಲ್ಲೇ, ಪೇಪರಿನ ಪೊಟ್ಟಣ. ದಾರದ ಗಂಟು ಹಾಗೇ ಇತ್ತು. ಗಡಿಯಾರದವನ ಗಂಟು, ಅಕ್ಕಿಕಾಳಿನಷ್ಟು ಸಣ್ಣದು.

ಇಬ್ಬರು ಸಾಕ್ಷಿಗಳನ್ನು ಕರೆಯಬೇಕು. ಅವರೆದುರಿಗೆ ಬಿಚ್ಚಬೇಕು. ಒಬ್ಬನೇ ಬಿಚ್ಚಿದರೆ ಅದು ಸಾಕ್ಷ್ಯವಾಗಿ ಉಳಿಯುವುದಿಲ್ಲ. ಹೊಸದಾಗಿ ಬಂದ ಪೇದೆಗಳಿಗೆ ಇದನ್ನು ಅವನೇ ಪಾಠ ಮಾಡುತ್ತಿದ್ದ.

ಪೊಟ್ಟಣವನ್ನು ಎಡಗೈಯಲ್ಲಿ ಎತ್ತಿಕೊಂಡ. ಹಗುರವಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಪೇಪರನ್ನು ನೋಡಿದ. ಒಂದು ಮೂಲೆಯಲ್ಲಿ ಅಚ್ಚಿನ ಅಕ್ಷರಗಳ ಮೇಲೆ ಏನೋ ಕಂದು ಛಾಯೆ. ಚಹಾದ ಕಲೆಯೂ ಇರಬಹುದು. ಅಣ್ಣನ ಮೇಜಿನ ಎಣ್ಣೆಯೂ ಇರಬಹುದು.

ಫೋನು ಹೊಡೆದುಕೊಂಡಿತು.

"ಏನ್ರೀ," ದೊಡ್ಡ ಸಾಹೇಬರ ದನಿ. "ಆ ಹಲ್ಲು ಕಟ್ಟೋ ಹುಡುಗಿ ನನ್ನ ಆಫೀಸಿನ ಹೊರಗೆ ಕೂತಿದಾಳಂತೆ. ಆರಕ್ಕೆ ಒಳಗೆ ಬರ್ತೀನಿ, ಅದಕ್ಕೆ ಮುಂಚೆ ನಿಮ್ಮ ಇನ್‌ಸ್ಪೆಕ್ಟರನ್ನ ಕೇಳಿ ಅಂತಾಳೆ. ಏನು ಕೇಳಬೇಕ್ರೀ ನಿಮ್ಮನ್ನ?"

ಇನ್‌ಸ್ಪೆಕ್ಟರ್ ಹೇಳಿದ. ಚಕ್ಕೆಗಳನ್ನು ಜೋಡಿಸಿದ್ದು ಹೇಳಿದ. ಟೊಳ್ಳಿಗೆ ಪ್ಲಾಸ್ಟರ್ ಹುಯ್ದದ್ದು ಹೇಳಿದ. ಗಂಟಿನೊಳಗಿನ ನಾಣ್ಯ, ಅದು ಹೊಸಬನಿಗೆ ಗೊತ್ತಿರಲು ಸಾಧ್ಯವಿಲ್ಲ ಎನ್ನುವುದು, ಗಾಜಿನಂಗಡಿಯವನು ಈಗಷ್ಟೇ ಕೇಳಿದ ಪ್ರಶ್ನೆ, ಎಲ್ಲ ಹೇಳಿದ. ನೀರು ಕುಡಿದು ಮುಂದುವರಿಸಿದ. ಆ ಕೈ ತನ್ನ ಅಣ್ಣನದು ಎಂದೂ ಹೇಳಿದ.

"ನಿಮ್ಮಣ್ಣ," ಎಂದರು ಸಾಹೇಬರು. ದನಿ ಮೆತ್ತಗಾಗಿತ್ತು. "ನೋಡಿ, ಪ್ಲಾಸ್ಟರು ಪ್ಲಾಸ್ಟರೇ. ಅದನ್ನ ನಂಬಿ ಯಾರೂ ಯಾರನ್ನೂ ಒಳಗೆ ಹಾಕಲ್ಲ. ಕಲ್ಲಿನದು ಸಿಗಬೇಕು. ಅಸಲು ಅಲಗು. ಅದು ಸಿಕ್ಕಿದೆಯಾ ನಿಮಗೆ?"

ಗೋಡೆಯ ಆಚೆ ಗಾಜಿನಂಗಡಿಯವನು ಯಾರನ್ನೋ ನೀರು ಕೇಳುತ್ತಿದ್ದ.

"ಕೇಳಿಸ್ತಾ? ಅಲಗು ಸಿಕ್ಕಿದೆಯೇನ್ರೀ?"

ಇನ್‌ಸ್ಪೆಕ್ಟರನ ಎಡಗೈಯ ಹೆಬ್ಬೆರಳು ಪೇಪರಿನ ಮೇಲಿಂದಲೇ ಅಂಚನ್ನು ಸವರುತ್ತ ಹೋಗಿ, ಹನ್ನೊಂದನೆಯ ಹಲ್ಲಿನ ಮೆಟ್ಟಿಲಿಗೆ ತಾಗಿ ನಿಂತಿತು.

"ಸರಿ, ಇಲ್ಲ ಅಂತ ತಾನೆ? ಇಲ್ಲ ಅಂತ ಬರ್ಕೋತೀನಿ," ಎಂದರು ಸಾಹೇಬರು.

ಅದು ತನ್ನ ಕೈಯಲ್ಲಿದೆ ಎಂದು ಅವನು ಹೇಳಲಿಲ್ಲ.